ಚಿಂದಿ ಡೆಲ್ಫೀನಾ ಮತ್ತು ಕಪ್ಪು ಹೊಗೆ

ಬೈಕು ಆವತ್ತೂ ಅದೇ ತಿರುವಿನಲ್ಲಿ ಕೈಕೊಟ್ಟಿತು. ಮನೆಯ ಮುಂದಿನ ಇಳಿಜಾರಿನಲ್ಲಿ ಗುಂಡಿ ಒತ್ತಿದ ತಕ್ಷಣ ಎದ್ದ ಎಂಜಿನ್ನು, ಸರೋವರದ ಪಕ್ಕದ ರಸ್ತೆಯಲ್ಲಿ ಒಂದು ತಕರಾರೂ ಇಲ್ಲದೆ ಓಡಿ, ಸುರಂಗ ದಾಟಿ ಮೈ ಬಿಸಿಯಾಗುತ್ತಿದ್ದ ಹಾಗೆ ಕೆಮ್ಮತೊಡಗಿತು. ತಿರುಗಿ ನೋಡಿದರೆ ಕಪ್ಪು ಹೊಗೆ. ಮೂಗಿಗೆ ಹಸಿ ಪೆಟ್ರೋಲಿನ ವಾಸನೆ. ಡೆಲ್ಫೀನಾ ಬೈಕನ್ನು ಬದಿಗೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಪಕ್ಕದಲ್ಲಿ ಖಾಲಿ ಇದ್ದ ಸೈಡ್‌ಕಾರಿಗೆ ಒಂದು ಒದೆ ಕೊಟ್ಟಳು. ಸೈಡ್‌ಕಾರಿನದೇನೂ ತಪ್ಪಿರಲಿಲ್ಲ. ಆದರೆ ಯಾರನ್ನಾದರೂ ಒದೆಯದೆ ಅವಳಿಗೆ ಸಮಾಧಾನವಿರಲಿಲ್ಲ.

ಪ್ಲಗ್ಗು ಬಿಚ್ಚಿದರೆ ಒಲೆಯ ಮೇಲಿನ ಬಾಣಲೆಯ ತಳದ ಹಾಗೆ ಮಸಿ. ನಿನ್ನೆ ಹಾಕಿದ ಹೊಸ ಪ್ಲಗ್ಗು ಅದು. ಜೇಬಿನಿಂದ ಬಟ್ಟೆ ತೆಗೆದು ಪ್ಲಗ್ಗು ಒರೆಸಿದಳು, ಬೆರಳು ಒರೆಸಿದಳು. ಅಷ್ಟಕ್ಕೆ ಬಿಟ್ಟಿದ್ದರೆ ಅವಳು ಡೆಲ್ಫೀನಾ ಹೇಗಾದಾಳು? ಹ್ಯಾಂಡಲ್ಲು ಒರೆಸಿದಳು, ಟ್ಯಾಂಕು ಒರೆಸಿದಳು, ಈಗಷ್ಟೇ ಒದ್ದ ಸೈಡ್‌ಕಾರಿನ ಮೇಲಿನ ಬೂಟಿನ ಗುರುತನ್ನೂ ಒರೆಸಿದಳು. ಹಾದುಹೋಗುತ್ತಿದ್ದ ಲಾರಿಯವನು ಹಾರ್ನು ಹೊಡೆದು ನಕ್ಕ.

ನಮ್ಮ ಮಾಂದೆಲ್ಲೋದಲ್ಲಿ ಅವಳನ್ನು ‘ಚಿಂದಿ’ ಎಂದು ಕರೆಯುವುದು ಸುಮ್ಮನೆ ಅಲ್ಲ. ಗ್ರೀನ್ಯಾ ಬೆಟ್ಟದ ಬುಡದಲ್ಲಿ, ಸರೋವರದ ದಂಡೆಯಲ್ಲಿರುವ ಈ ಊರಿನಲ್ಲಿ ಮನೆಗೊಬ್ಬರಾದರೂ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ದುಡಿದವರೇ. ಡೆಲ್ಫೀನಾ ಎಂಜಿನ್ ಜೋಡಿಸುವ ಬೆಂಚಿನವಳು. ಅಲ್ಲಿ ಒಂದು ಕಟ್ಟಳೆ ಇತ್ತು. ಎಂಜಿನ್ನು ಬೆಂಚು ಬಿಟ್ಟು ಹೋಗುವ ಮೊದಲು ಮೇಸ್ತ್ರಿ ಬಿಳಿ ಕರವಸ್ತ್ರ ತೆಗೆದು ಅದರ ಮೂಲೆಮೂಲೆಗೂ ಒತ್ತಿ ನೋಡುತ್ತಿದ್ದ. ಬಟ್ಟೆಯಲ್ಲಿ ಒಂದು ಚುಕ್ಕೆ ಕಂಡರೂ ಎಂಜಿನ್ನು ವಾಪಸ್ಸು, ಜೊತೆಗೆ ಎಲ್ಲರ ಮುಂದೆ ಮಂಗಳಾರತಿ. ಮೊದಲ ವಾರವೇ ಹಾಗೆ ಬೈಸಿಕೊಂಡ ಹುಡುಗಿ, ಜೀವಮಾನದಲ್ಲಿ ಮತ್ತೆ ಬೈಸಿಕೊಳ್ಳಬಾರದೆಂದು ಹಟ ಹಿಡಿದು ಒರೆಸತೊಡಗಿದಳು. ಆಮೇಲೆ ನಿಲ್ಲಿಸಲು ಬರಲೇ ಇಲ್ಲ. ಮದುವೆಯ ದಿನ ಚರ್ಚಿನಲ್ಲಿ ಮೊಣಕಾಲೂರುವ ಹಲಗೆಯನ್ನೂ ಒರೆಸಿ ಕೂತವಳು ಅವಳು. ಬೆಂಚಿನಲ್ಲಿ ಅವಳ ಎದುರಿಗೆ ಕೂತು ಕೆಲಸ ಮಾಡಿದ ಗೆಳತಿ ಆರ್ಮೀದಾ ಈಗಲೂ ಇದನ್ನು ಹೇಳಿಕೊಂಡು ನಗುತ್ತಾಳೆ.

ಮದುವೆಯಾದದ್ದು ಬೊರ್ತೊಲೊನನ್ನು. ಅವನು ಟೆಸ್ಟ್ ಸವಾರ. ಬೆಂಚಿನಿಂದ ಬಂದ ಎಂಜಿನ್ನನ್ನು ರಸ್ತೆಗಿಳಿಸಿ, ಬೆಟ್ಟ ಹತ್ತಿಸಿ ಇಳಿಸಿ, ಸರಿಯಿದೆಯೋ ಇಲ್ಲವೋ ಹೇಳುವವರ ಜಾತಿ. ಈ ಸವಾರರಿಗೆ ಜಂಬ ಬಹಳ. ವಾಪಸ್ಸು ಬಂದವರೇ ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿ, ಅಂಟಿದ ಮಸಿಯನ್ನು ಆ ಎಂಜಿನ್ನು ಜೋಡಿಸಿದವರ ಕೆನ್ನೆಗೆ ಬಳಿಯುತ್ತಿದ್ದರು. ಕಪ್ಪು ಬಿದ್ದರೆ ಎಂಜಿನ್ನು ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ ಎಂದರ್ಥ. ಇಡೀ ಶೆಡ್ಡು ಹೋ ಎಂದು ಕೂಗುತ್ತಿತ್ತು. ಬೊರ್ತೊಲೊ ಡೆಲ್ಫೀನಾಳ ಕೆನ್ನೆಗೆ ಬಳಿದ ದಿನ ಅವಳ ಎಂಜಿನ್ನಿನಲ್ಲಿ ಮಸಿಯೇ ಇರಲಿಲ್ಲ. ಬಿದ್ದದ್ದು ಒಣ ಬೂದಿಯಂಥ ಒಂದು ತೆಳುಗೀರು, ಸರಿಯಾಗಿ ಉರಿಯುವ ಎಂಜಿನ್ನಿನ ಗುರುತು. ಅವಳು ಕೆಂಪಾಗಿ, ಬಟ್ಟೆ ತೆಗೆದು ಗಸಗಸ ಒರೆಸಿಕೊಂಡಳು.

“ಯಾಕೆ ಒರೆಸ್ತೀಯಾ? ಇರ್ಲಿ ಬಿಡು, ಚೆನ್ನಾಗಿದೆ,” ಎಂದಿದ್ದನಂತೆ. ಆ ಒಂದು ಮಾತಿಗೆ ಅವಳು ಬಿದ್ದಳು.

ಇನ್ನೊಂದು ವಿಷಯವೂ ಹೇಳಬೇಕು. ಸವಾರರು ತಮ್ಮ ಕೈಚಳಕವನ್ನು ಬೆಂಚಿನವರಿಗೆ ಹೇಳುತ್ತಿರಲಿಲ್ಲ. ಎಂಜಿನ್ನು ಹಟ ಮಾಡಿದರೆ ರಸ್ತೆ ಬದಿಯಲ್ಲೇ ಏನೋ ಒಂದು ಉಪಾಯ ಮಾಡಿ ಸರಿಪಡಿಸಿಕೊಂಡು ಬರುತ್ತಿದ್ದರು. ಕೇಳಿದರೆ ತುಟಿ ಬಿಚ್ಚುತ್ತಿರಲಿಲ್ಲ. ಗಂಡ ಸವಾರ, ಹೆಂಡತಿ ಬೆಂಚಿನವಳಾದರೂ ಇದರಲ್ಲಿ ರಿಯಾಯಿತಿ ಇರಲಿಲ್ಲ. ಇಬ್ಬರೂ ಒಂದೇ ವರ್ಷ ಒಂದೇ ಮಾದರಿಯ ಬೈಕು ಕೊಂಡರು. ಆ ಕಾಲಕ್ಕೆ ಹೊಸದಾಗಿದ್ದ ಇಂಜೆಕ್ಷನ್ ಎಂಜಿನ್ನು. ಕಾರ್ಬ್ಯುರೇಟರಿನ ಬದಲು ಸೀಟಿನ ಕೆಳಗಿನ ಡಬ್ಬಿಯೇ ಎಷ್ಟು ಪೆಟ್ರೋಲ್ ಬಿಡಬೇಕೆಂದು ತೀರ್ಮಾನಿಸುವಂಥದ್ದು. ಮನೆಯಲ್ಲಿ ಟ್ಯೂನಿಂಗ್ ಎಲ್ಲ ಅವನದು, ತೊಳೆದು ಒರೆಸುವುದು ಅವಳದು. ಈಗ ಆ ಬೈಕುಗಳು ಹಳೆಯ ವಾಹನಗಳ ಪಟ್ಟಿಗೆ ಸೇರಿವೆ. ಅವುಗಳ ಒಡೆಯರೂ ಹಳಬರಾದರು.

ಎರಡು ಚಳಿಗಾಲದ ಹಿಂದೆ ಬೊರ್ತೊಲೊಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಕಾಲು ಸೋತಿತು, ಮಾತು ಹೋಯಿತು. ಉಳಿದದ್ದು ‘ಸೀ’ ಮತ್ತು ‘ನೋ’, ಹೌದು ಮತ್ತು ಅಲ್ಲ. ಅವೂ ಒಮ್ಮೊಮ್ಮೆ ಅದಲು ಬದಲು. ಆಂಬುಲೆನ್ಸಿನಲ್ಲಿ ಕಟ್ಟಿ ಮಲಗಿಸಿ ಒಯ್ದದ್ದು ಅವನ ಮನಸ್ಸಿನಲ್ಲಿ ಹೇಗೆ ಕೂತಿತೋ, ಅಂದಿನಿಂದ ಯಾವ ಮುಚ್ಚಿದ ಗಾಡಿಗೆ ಹತ್ತಿಸಿದರೂ ಚೀರಾಡುತ್ತಾನೆ, ಬಾಗಿಲು ಒದೆಯುತ್ತಾನೆ. ನಮ್ಮ ಮೇಲ್ಕೇರಿಯ ಕಡಿದಾದ ಓಣಿಯಲ್ಲಿ ಗಾಲಿಕುರ್ಚಿ ತಳ್ಳುವ ಹಾಗಿಲ್ಲ. ಹೀಗಾಗಿ ಗ್ಯಾರೇಜಿನ ಮೇಲಿನ ಬಾಲ್ಕನಿಯೇ ಅವನ ಲೋಕವಾಯಿತು. ರಸ್ತೆಯಲ್ಲಿ ಬೈಕು ಹೋದರೆ ಕತ್ತು ತಿರುಗಿಸುತ್ತಾನೆ, ಆಮೇಲೆ ಮತ್ತೆ ಸರೋವರ ನೋಡುತ್ತಾನೆ. ಊಟ ಕಡಿಮೆಯಾಯಿತು. ಅಂಗಿಯ ಕಾಲರಿನಲ್ಲಿ ಈಗ ಎರಡು ಕತ್ತು ಹಿಡಿಸುತ್ತವೆ.

ಮತ್ತೆ ಡೆಲ್ಫೀನಾ? ಒಂದು ಕಡೆ ಕೂರಲಾರದ ಹೆಂಗಸು ಅವಳು. ಎರಡು ವರ್ಷ ಮನೆಯೊಳಗೆ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದಳು. ಕಿಟಕಿ ಒರೆಸಿದಳು, ಗಂಡನ ಬಾಯಿ ಒರೆಸಿದಳು, ಮತ್ತೆ ಕಿಟಕಿ ಒರೆಸಿದಳು. ಒಂದು ದಿನ ಅವನಿಗೆ ಸೂಪು ಕುಡಿಸುವಾಗ ಚಮಚ ಹಲ್ಲಿಗೆ ಬಡಿಯಿತು, ಅವಳಿಗೆ ಪಾಪ ಅನ್ನಿಸಲಿಲ್ಲ. ಸಿಟ್ಟು ಬಂತು. ಇನ್ನೂ ಸ್ವಲ್ಪ ಜೋರಾಗಿ ಬಡಿಯಬೇಕಿತ್ತು ಅನ್ನಿಸಿತು. ಆವತ್ತು ಅವಳು ತನ್ನನ್ನು ತಾನೇ ಕಂಡು ಹೆದರಿಬಿಟ್ಟಳು. ಬೆಲ್ಲಾನೋದಲ್ಲಿ ಸನ್ಯಾಸಿನಿಯರು ನಡೆಸುವ ವೃದ್ಧಾಶ್ರಮಕ್ಕೆ ಫೋನು ಮಾಡಿದಳು. ನವೆಂಬರಿನಿಂದ ಒಂದು ಕೋಣೆ ಖಾಲಿಯಾಗುತ್ತದೆ, ಯೋಚಿಸಿ ಹೇಳಿ ಎಂದರು.

ಅದೇ ಮಧ್ಯಾಹ್ನ ಸೈಡ್‌ಕಾರಿನ ಯೋಚನೆ ಬಂದದ್ದು. ಮುಚ್ಚಿದ ಗಾಡಿ ಆಗದಿದ್ದರೆ ತೆರೆದ ಗಾಡಿ ಆಗಬಹುದಲ್ಲ! ಅವಳ ಬೈಕಿಗೆ ಯಾವತ್ತೋ ಸೈಡ್‌ಕಾರು ಜೋಡಿಸಿ ಆಗಿತ್ತು. ಆದರೆ ಆ ಬೈಕಿನ ಎಂಜಿನ್ನು ಹೊಟ್ಟೆ ಒಡೆದುಕೊಂಡು ಗ್ಯಾರೇಜಿನ ಮೂಲೆ ಸೇರಿತ್ತು. ಬೊರ್ತೊಲೊನ ಬೈಕಿನ ಎಂಜಿನ್ನು ಗಟ್ಟಿಯಾಗಿತ್ತು. ಅವನು ಇನ್ನು ಅದನ್ನು ಓಡಿಸುವುದಿಲ್ಲ ಎಂಬುದೂ ಗಟ್ಟಿಯೇ. ಪ್ರತಿ ಶರತ್ಕಾಲದಲ್ಲಿ, ಹಿಮ ಬಿದ್ದು ದಾರಿ ಮುಚ್ಚುವ ಮೊದಲು, ಗಂಡ ಹೆಂಡತಿ ಸ್ಪ್ಲೂಗಾ ಕಣಿವೆದಾರಿ ಹತ್ತಿ ಬರುವುದು ರೂಢಿ. ಅವಳು ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಂಡಳು. ಸ್ಪ್ಲೂಗಾ ಮುಚ್ಚುವುದರೊಳಗೆ ಇವನನ್ನು ಅಲ್ಲಿಗೆ ಕರೆದೊಯ್ದರೆ, ಚಳಿಗಾಲವನ್ನು ಇಬ್ಬರೂ ಹೇಗೋ ದಾಟಿಯೇವು. ಇಲ್ಲದಿದ್ದರೆ ಬೆಲ್ಲಾನೋ. ಈ ಗೆರೆಯ ವಿಷಯ ಅವಳು ಆರ್ಮೀದಾಳಿಗೆ ಮಾತ್ರ ಹೇಳಿದಳು.

“ನಿನ್ನ ಎಂಜಿನ್ ತೆಗೀತೀನಿ, ನನ್ನ ಬೈಕಿಗೆ ಹಾಕ್ತೀನಿ. ಆಗಬಹುದಾ?” ಎಂದು ಬೊರ್ತೊಲೊನನ್ನು ಕೇಳಿದಳು.

“ಸೀ,” ಎಂದ. ಆದರೆ ಅವನು ಅದಕ್ಕೂ ಮೊದಲು, ಹೊರಗೆ ಮಳೆಯಿಲ್ಲದಾಗ ಮಳೆ ಬರ್ತಿದೆಯಾ ಎಂದು ಕೇಳಿದಾಗಲೂ ಸೀ ಎಂದಿದ್ದ.

ಆರ್ಮೀದಾ ಬಂದು, ಇಬ್ಬರೂ ಸೇರಿ ಸರಪಳಿ ಹಾಕಿ ಎಂಜಿನ್ನು ಎತ್ತಿದ ದಿನ ಬೊರ್ತೊಲೊ ಮೇಲಿನಿಂದ ನೋಡುತ್ತಿದ್ದ. ಅವನ ಬೈಕಿನ ಚೌಕಟ್ಟು ಖಾಲಿಯಾದಾಗ ಅವನ ಕಣ್ಣಿಂದ ನೀರು ಇಳಿಯಿತು. ಡೆಲ್ಫೀನಾ ನೋಡಿದಳು, ನೋಡದ ಹಾಗೆ ಮಾಡಿದಳು.

ಆಮೇಲೆ ಒರೆಸುವ ಹಬ್ಬ. ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದಳು. ಬೋಲ್ಟಿನ ತಲೆಗಳಿಂದ ಹಿಡಿದು ಎಂಜಿನ್ನಿನ ತಲೆಯಾದ ಹೆಡ್ಡಿನ ಬದಿಯಲ್ಲಿ ಬಿಸಿ ಅಳೆಯುವ ಸೆನ್ಸರು ಕೂರುವ ಪುಟ್ಟ ಹಿತ್ತಾಳೆ ಗೂಡಿನವರೆಗೆ ಒಂದು ಸಂದೂ ಬಿಡಲಿಲ್ಲ. ಬೆರಳು ಹೋಗದ ಕಡೆ ಕಡ್ಡಿಗೆ ಬಟ್ಟೆ ಸುತ್ತಿ ಕೊಳೆ ತೆಗೆದಳು.

“ಸಾಕು ಕಣೇ, ಮದುಮಗಳಾ ಅದು?” ಎಂದಳು ಆರ್ಮೀದಾ, ಸಿಗರೇಟು ಹಚ್ಚುತ್ತ.

“ಬೇರೆಯವರ ಎಂಜಿನ್. ಮರ್ಯಾದೆಯಿಂದ ಹಾಕ್ಬೇಕು.”

“ಬೇರೆಯವರಲ್ಲ, ನಿನ್ನ ಗಂಡ.”

“ಅದಕ್ಕೇ.”

ಹೀಗೆ ಕನ್ನಡಿಯ ಹಾಗೆ ಹೊಳೆಯುತ್ತ ಕೂತ ಎಂಜಿನ್ನು ಮೊದಲ ದಿನವೇ ಮಸಿ ಕಾರಿತು. ವಾಹನ ತಪಾಸಣೆಗೆ ಒಯ್ದರೆ ಅಲ್ಲಿ ಕೆಲಸಕ್ಕಿರುವ ಆರ್ಮೀದಾಳ ಸೋದರಳಿಯ ಇವಾನೋ ಹೊಗೆ ಅಳೆಯುವ ನಳಿಗೆ ಇಟ್ಟು ನೋಡಿ, ತಲೆ ಕೆರೆದುಕೊಂಡ.

“ಅತ್ತೆ, ಬೈಬೇಡಿ. ಇದನ್ನ ಪಾಸ್ ಮಾಡೋಕಾಗಲ್ಲ.”

“ಸ್ವಲ್ಪ ಹೆಚ್ಚಾಗಿರಬಹುದು ಅಷ್ಟೇ.”

“ಸ್ವಲ್ಪ ಅಲ್ಲ. ಮಿಷನ್ನೇ ಕೆಮ್ತಿದೆ ನೋಡಿ. ಸರಿ ಮಾಡ್ಕೊಂಡು ಬನ್ನಿ, ನಿಮ್ಮನ್ನ ಸಾಲಲ್ಲಿ ನಿಲ್ಸಲ್ಲ. ಆದ್ರೆ ಹಿಮಕ್ಕೆ ಮುಂಚೆ ಬನ್ನಿ.”

ಅಲ್ಲಿಂದ ಶುರುವಾಯಿತು ಪಡಿಪಾಟಲು. ಏರ್ ಫಿಲ್ಟರ್ ಕಟ್ಟಿಕೊಂಡಿದೆಯೇನೋ ಎಂದು ಹೊಸದು ಹಾಕಿದಳು. ಹೊಗೆ ಹಾಗೇ ಇತ್ತು. ಇಂಜೆಕ್ಟರುಗಳು ಸೋರುತ್ತಿವೆಯೇನೋ ಎಂದು ಬಿಚ್ಚಿ ಗಾಜಿನ ಲೋಟದ ಮೇಲೆ ಹಿಡಿದು ಕಾದಳು. ಒಂದು ತೊಟ್ಟೂ ಬೀಳಲಿಲ್ಲ. ಪೆಟ್ರೋಲಿನ ಪ್ರೆಷರ್ ಅಳೆದಳು, ಸರಿಯಿತ್ತು. ಆಕ್ಸಿಲರೇಟರಿನ ಸೆನ್ಸರನ್ನು ಹೊಸದಾಗಿ ಹೊಂದಿಸಿದಳು. ಸೀಟಿನ ಕೆಳಗಿನ ಡಬ್ಬಿಯ ಮೇಲೆ ಅನುಮಾನ ಬಂದು ಗಂಡನ ಬೈಕಿನ ಡಬ್ಬಿ ಕಿತ್ತು ಹಾಕಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ. ತಣ್ಣಗಿದ್ದಾಗ ಸೊಗಸಾಗಿ ಓಡುವುದು, ಬಿಸಿಯಾದರೆ ಉಸಿರು ಕಟ್ಟುವುದು, ಇಷ್ಟೇ ಅದರ ಚಾಳಿ.

“ಬಿಸಿಯಾದ್ಮೇಲೂ ಇನ್ನೂ ಚಳಿ ಅಂತ ತಿಳ್ಕೊಂಡು ಪೆಟ್ರೋಲ್ ಸುರೀತಿದೆ ಇದು,” ಎಂದಳು ಡೆಲ್ಫೀನಾ. “ಬಿಸಿ ಹೇಳೋ ಸೆನ್ಸರೇ ಸುಳ್ಳು ಹೇಳ್ತಿರಬೇಕು.”

ಸೆನ್ಸರನ್ನು ಬಿಚ್ಚಿ ಅಡುಗೆಮನೆಗೆ ತಂದು, ಪೊಲೆಂತಾ ಗಂಜಿ ಬೇಯಿಸುವ ಪಾತ್ರೆಯಲ್ಲೇ ನೀರು ಕಾಯಿಸಿ ಅದ್ದಿ, ಮೀಟರ್ ಹಿಡಿದು ನೋಡಿದಳು. ನೀರು ಬಿಸಿಯಾದ ಹಾಗೆ ಮುಳ್ಳು ಸರಿಯಾಗಿಯೇ ಓಡಿತು. ಸೆನ್ಸರ್ ಸತ್ಯವಂತ! ಆದರೂ ಬಿಡದೆ ಇವಾನೋನ ಹತ್ತಿರ ಹೊಸದು ತರಿಸಿ ಹಾಕಿದಳು. ಅದೇ ಹೊಗೆ.

“ಇವತ್ತು ಸೆನ್ಸರ್ ಸೂಪಾ?” ಎಂದಳು ಆರ್ಮೀದಾ, ಪಾತ್ರೆಗೆ ಇಣುಕಿ.

“ನಿನ್ನ ನಾಲಿಗೇನೂ ಹಾಕ್ತೀನಿ, ಬಾ.”

ಇಷ್ಟು ಸಾಲದೆಂಬಂತೆ ಬೊರ್ತೊಲೊನ ಕಾಟ ಶುರುವಾಯಿತು. ಕಾಟ ಎಂದರೆ ಬಟ್ಟೆಯ ಕಾಟ. ಡೆಲ್ಫೀನಾ ಕೊಳೆಯಾದ ಬಟ್ಟೆಗಳನ್ನು ಬಾಲ್ಕನಿಯ ಬಕೆಟ್ಟಿನಲ್ಲಿ ಹಾಕಿಟ್ಟು, ರಾಶಿಯಾದಾಗ ಒಗೆಯುತ್ತಿದ್ದಳು. ಅವನು ಎಡಗೈ ಚಾಚಿ ಅವನ್ನು ಹೆಕ್ಕಿ ಕೆಳಗೆಸೆಯತೊಡಗಿದ. ಮೊದಲ ಬಟ್ಟೆ ಬಿದ್ದದ್ದು ಆರ್ಮೀದಾಳ ತಲೆಯ ಮೇಲೆ, ಆಗಷ್ಟೇ ಸೆಟ್ ಮಾಡಿಸಿಕೊಂಡು ಬಂದಿದ್ದ ಕೂದಲಿಗೆ.

“ನೋಡೇ ನಿನ್ನ ಗಂಡನ್ನ! ಅಯ್ಯೋ, ನನ್ನ ಕೂದಲು!”

“ಬೊರ್ತೊಲೊ! ನಾಚಿಕೆ ಆಗಲ್ವಾ ನಿನಗೆ?”

“ನೋ! ನೋ! ನೋ!” ಎಂದು ಮೇಲಿನಿಂದ ಅವನು ಕಂಬಿ ಬಡಿದ.

ಮರುದಿನ ಅವಳ ಜೇಬಿನ ಬಟ್ಟೆಯನ್ನೇ ಕಿತ್ತುಕೊಂಡ. ಊಟದ ಮೇಜಿನ ಮೇಲಿನದು ಮಾಯವಾಯಿತು. ಗ್ಯಾರೇಜಿಗೆ ಹೋಗಲು ಹೊರಟರೆ ಅವಳ ಏಪ್ರನ್ ಹಿಡಿದು ಎಳೆದು, ಕೈಯಲ್ಲಿದ್ದ ಬಟ್ಟೆಗೆ ಬೆರಳು ತೋರಿಸಿ, ನೋ ನೋ ಎಂದು ಮುಖ ಕೆಂಪು ಮಾಡಿಕೊಂಡ. ಡೆಲ್ಫೀನಾಳಿಗೆ ಅರ್ಥವಾದದ್ದು ಒಂದೇ: ನನ್ನ ಎಂಜಿನ್ನು ಕಿತ್ತುಕೊಂಡೆ, ಸೇಡು ತೀರಿಸಿಕೊಳ್ತೀನಿ.

“ನಿನಗೋಸ್ಕರ ತಾನೇ ಸಾಯ್ತಿರೋದು ನಾನು!” ಎಂದು ಕೂಗಿದಳು ಒಂದು ದಿನ. ಇಡೀ ಓಣಿಗೆ ಕೇಳಿಸಿತು. “ಕೇಳ್ದೆ ತಾನೆ? ಸೀ ಅಂದೆ ತಾನೆ? ಈಗ ಯಾಕೆ ನನ್ನ ಪ್ರಾಣ ತಿಂತೀಯಾ? ಬೇಡ್ವಾ? ಬೇಡ ಅಂದ್ರೆ ಬಿಡು, ಕೂತಿರು ಇಲ್ಲೇ!”

ಬೊರ್ತೊಲೊ ಬಾಯಿ ತೆರೆದ. ಏನೋ ಹೇಳಲು ತುಟಿಯನ್ನು ಒಂದು ಕಡೆಗೆ ಎಳೆದ, ಗಂಟಲಿನಿಂದ ಗಾಳಿ ಬಂತು. ಮತ್ತೆ ಬಾಯಿ ಮುಚ್ಚಿ ಸರೋವರದ ಕಡೆ ತಿರುಗಿದ.

ಅವಳು ಕೆಳಗಿಳಿದು ಬಂದು, ಏನು ಮಾಡಬೇಕೆಂದು ತಿಳಿಯದೆ, ಹೊಳೆಯುತ್ತಿದ್ದ ಎಂಜಿನ್ನನ್ನೇ ಇನ್ನೊಮ್ಮೆ ಒರೆಸಿದಳು.

ಅಕ್ಟೋಬರ್ ಅರ್ಧ ಕಳೆಯಿತು. ಗ್ರೀನ್ಯಾದ ನೆತ್ತಿಯ ಮೇಲೆ ಬಿಳಿ ಕಂಡಿತು. ಮಧ್ಯಾಹ್ನ ಬೀಸುವ ಬ್ರೇವಾ ಗಾಳಿಯಲ್ಲಿ ಕೊರೆಯುವ ಚಳಿ ಸೇರಿತು. ಬೆಲ್ಲಾನೋದಿಂದ ಫೋನು ಬಂತು: ಕೋಣೆ ಬೇಕೋ ಬೇಡವೋ ಹೇಳಿಬಿಡಿ, ಇನ್ನೊಬ್ಬರು ಕಾಯುತ್ತಿದ್ದಾರೆ. ಡೆಲ್ಫೀನಾ ಸೋಮವಾರ ಹೇಳುತ್ತೇನೆ ಎಂದಳು. ಫೋನು ಇಟ್ಟು ತಿರುಗಿದರೆ ಬಾಗಿಲಿನಾಚೆಯ ಕುರ್ಚಿಯಿಂದ ಬೊರ್ತೊಲೊ ಅವಳನ್ನೇ ನೋಡುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ.

“ಹೇಳಿಬಿಡೇ, ಕಳಿಸ್ತೀನಿ ಅಂತ,” ಎಂದಳು ಆರ್ಮೀದಾ, ಗ್ಯಾರೇಜಿನಲ್ಲಿ. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. “ನಿನ್ನ ಮುಖ ನೋಡ್ಕೊಂಡಿದೀಯಾ? ನೀನೇ ಮೊದಲು ಹೋಗಿಬಿಡ್ತೀಯ.”

“ಬೈಕ್ ಒಂದು ಓಡಿದ್ರೆ…”

“ಬೈಕ್ ಓಡಲ್ಲ ಕಣೇ. ನಾವಿಬ್ರೂ ಎಷ್ಟು ಎಂಜಿನ್ ಜೋಡಿಸಿಲ್ಲ? ನಮಗೆ ಗೊತ್ತಿದ್ದಿದ್ದೆಲ್ಲ ನೋಡಾಯ್ತು.”

ಡೆಲ್ಫೀನಾ ಮೇಲೆ ಹತ್ತಿದಳು. ಭಾನುವಾರ ಅದು. ಗಂಡನ ಬಟ್ಟೆಬರೆ ಒಂದು ಪೆಟ್ಟಿಗೆಗೆ ತುಂಬಿಡೋಣ, ಸೋಮವಾರ ಹೇಳುವ ಮಾತು ಆಗ ಸಲೀಸಾಗಿ ಬಾಯಿಗೆ ಬಂದೀತು ಎಂದು ಅವಳ ಲೆಕ್ಕ. ಉಣ್ಣೆಯ ಅಂಗಿಗಳನ್ನು ಮಡಿಸಿದಳು. ಕುರ್ಚಿಯ ದಿಂಬಿನ ಗವುಸು ಕೊಳೆಯಾಗಿತ್ತು, ಅದನ್ನೂ ಒಗೆದು ಇಡಬೇಕೆಂದು ಅವನ ಬೆನ್ನಿನ ಹಿಂದಿನಿಂದ ದಿಂಬು ಎಳೆದಳು. ಗವುಸಿನೊಳಗಿಂದ ಅವಳ ಕಳೆದುಹೋದ ಬಟ್ಟೆಗಳೆಲ್ಲ ದಬದಬ ಉದುರಿದವು.

“ಇಲ್ಲಿಟ್ಟಿದೀಯಾ? ಕಳ್ಳ!” ಎಂದಳು. ಬೈಯುವ ಶಕ್ತಿಯೂ ಉಳಿದಿರಲಿಲ್ಲ. ಮೊಣಕಾಲೂರಿ ಹೆಕ್ಕತೊಡಗಿದಳು.

ಬೊರ್ತೊಲೊ ಮೆಲ್ಲಗೆ ಬಗ್ಗಿ, ಎಡಗೈಯಿಂದ ರಾಶಿಯನ್ನು ಕೆದಕಿದ. ಕಪ್ಪು ಎಣ್ಣೆಯದನ್ನು ಪಕ್ಕಕ್ಕೆ ತಳ್ಳಿದ, ಇನ್ನೊಂದನ್ನೂ ತಳ್ಳಿದ. ಕೊನೆಗೆ ನಾಲ್ಕಾಗಿ ಮಡಿಸಿದ್ದ ಒಂದು ತುಂಡನ್ನು ಎತ್ತಿದ. ಅದನ್ನು ಅವಳ ಮೂಗಿನ ಹತ್ತಿರ ಹಿಡಿದು, ಬೆರಳಿನಿಂದ ಅಲ್ಲಾಡಿಸಿದ.

“ಸೀ,” ಎಂದ. “ಸೀ. ಸೀ.”

ಮಡಿಕೆ ಬಿಚ್ಚಿದಳು. ಒಳಗೆ ಒಣಗಿದ ಬೂದು ಬಣ್ಣದ ಮೆತ್ತು. ಬೆರಳಿನ ಮಧ್ಯೆ ತಿಕ್ಕಿದಳು. ಇದು ಎಣ್ಣೆಯ ಕೊಳೆಯಲ್ಲ. ಗ್ರೀಸೂ ಅಲ್ಲ. ಹಿಟ್ಟಿನ ಹಾಗೆ ನುಣ್ಣಗೆ, ಬೆಳ್ಳಿಯ ಹೊಳಪು. ಇಂಥದ್ದನ್ನು ಎಲ್ಲಿಂದ ಒರೆಸಿದೆ ನಾನು? ಒರೆಸಿದ ಎಲ್ಲ ಜಾಗಗಳೂ ಕಣ್ಣ ಮುಂದೆ ಬಂದವು. ಕೈಗೆ ಕಡ್ಡಿಯ ನೆನಪಾಯಿತು, ಕಡ್ಡಿಗೆ ಸುತ್ತಿದ ಬಟ್ಟೆಯ ನೆನಪಾಯಿತು. ಆ ಹಿತ್ತಾಳೆ ಗೂಡು!

ಅವಳು ಮೆಟ್ಟಿಲು ಇಳಿದ ರಭಸಕ್ಕೆ ಆರ್ಮೀದಾ ಸಿಗರೇಟು ಬೀಳಿಸಿಕೊಂಡಳು.

“ಏನೇ, ಬೆಂಕಿ ಬಿತ್ತಾ?”

“ಸ್ಪ್ಯಾನರ್ ಕೊಡು. ಚಿಕ್ಕದು. ಬೇಗ!”

ಸೆನ್ಸರನ್ನು ತಿರುಗಿಸಿ ತೆಗೆದು, ಟಾರ್ಚು ಹಾಕಿ ಗೂಡಿನೊಳಗೆ ನೋಡಿದಳು. ಒಳಗೆ ಲಕಲಕ ಹೊಳೆಯುವ ಖಾಲಿ ಹಿತ್ತಾಳೆ. ಸೆನ್ಸರಿನ ತುದಿ ಎಲ್ಲಿಯೂ ಲೋಹಕ್ಕೆ ತಾಗುವ ಹಾಗಿರಲಿಲ್ಲ, ಗಾಳಿಯಲ್ಲಿ ನೇತಾಡುತ್ತಿತ್ತು. ಹೆಡ್ಡು ಕೆಂಡವಾದರೂ ಆ ಬಿಸಿ ಅದಕ್ಕೆ ಮುಟ್ಟುವುದು ಹೇಗೆ? ಅದು ಪಾಪ ತನಗೆ ಗೊತ್ತಿದ್ದದ್ದನ್ನೇ ಹೇಳುತ್ತಿತ್ತು, ಇನ್ನೂ ಚಳಿ ಇದೆ ಎಂದು. ಡಬ್ಬಿ ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತಿತ್ತು. ಆ ಬೂದು ಮೆತ್ತು ಕೊಳೆಯಲ್ಲ. ಬಿಸಿಯನ್ನು ದಾಟಿಸಲು ಯಾರೋ ಬೇಕೆಂದೇ ತುಂಬಿದ್ದು.

ಯಾರೋ ಏನು ಬಂತು! ಬೊರ್ತೊಲೊ. ಸವಾರರ ಕೈಚಳಕ, ಬೆಂಚಿನವರಿಗೆ ಹೇಳಬಾರದ್ದು.

ಅವಳು ಅಲ್ಲಿಗೆ ನಿಲ್ಲಲಿಲ್ಲ. ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ತನ್ನ ಸತ್ತ ಎಂಜಿನ್ನಿನ ಹತ್ತಿರ ಹೋದಳು. ಒಡೆದುಹೋದದ್ದೆಂದು ಅದನ್ನು ಅವಳು ಒರೆಸಿರಲಿಲ್ಲ, ಇಡೀ ಗ್ಯಾರೇಜಿನಲ್ಲಿ ಅವಳ ಬಟ್ಟೆ ತಾಗದೆ ಉಳಿದದ್ದು ಅದೊಂದೇ. ಅದರ ಸೆನ್ಸರ್ ತೆಗೆದಳು. ಗೂಡಿನ ತುಂಬ ಅದೇ ಬೂದು ಮೆತ್ತು, ಅಂಚಿನವರೆಗೆ. ನಡುವೆ ಸೆನ್ಸರಿನ ತುದಿಯ ಅಚ್ಚು.

“ನನ್ನದಕ್ಕೂ ತುಂಬಿದಾನೆ,” ಎಂದಳು. “ಆರ್ಮೀದಾ, ನನ್ನದಕ್ಕೂ ತುಂಬಿದಾನೆ ಕಣೇ. ಯಾವಾಗ್ಲೋ. ಒಂದು ಮಾತು ಹೇಳಿಲ್ಲ. ನನ್ನ ಬೈಕ್ ಚೆನ್ನಾಗಿ ಓಡೋದು ನಾನು ಚೆನ್ನಾಗಿ ಒರೆಸೋದ್ರಿಂದ ಅಂತ ಜಂಬ ಪಡ್ತಿದ್ದೆ ನಾನು. ನಗ್ತಿದ್ದ ಅವನು.”

ಆರ್ಮೀದಾ ಏನೋ ತಮಾಷೆ ಹುಡುಕಿದಳು. ಸಿಗಲಿಲ್ಲ. ಗೆಳತಿಯ ಬೆನ್ನ ಮೇಲೆ ಕೈಯಿಟ್ಟಳು.

“ನಾನವನನ್ನ ಏನೆಲ್ಲ ಅಂದೆ,” ಎಂದಳು ಡೆಲ್ಫೀನಾ. “ಸೇಡು ಅಂದ್ಕೊಂಡೆ. ಮೇಲೆ ಪೆಟ್ಟಿಗೆ ಕಟ್ತಿದೀನಿ.” ಹೀಗೆ ಹೇಳಿ ಗ್ಯಾರೇಜಿನ ನೆಲದ ಮೇಲೆ ಕೂತು ಅತ್ತಳು. ಕಣ್ಣೊರೆಸಿಕೊಳ್ಳಲು ಜೇಬಿಗೆ ಕೈ ಹಾಕಿದರೆ ಬಟ್ಟೆ ಇರಲಿಲ್ಲ. ತೋಳಿನಿಂದಲೇ ಒರೆಸಿಕೊಂಡಳು.

ಬೊರ್ತೊಲೊನ ಸಲಕರಣೆಯ ಡ್ರಾಯರಿನಲ್ಲಿ, ಹಿಂದಿನ ಮೂಲೆಯಲ್ಲಿ, ಟೂತ್‌ಪೇಸ್ಟಿನಂಥ ಒಂದು ಕೊಳವೆ ಇತ್ತು. ಬಾಯಿ ಒಣಗಿತ್ತು, ಒಳಗಿನ ಬೂದು ಮೆತ್ತು ಇನ್ನೂ ಹಸಿಯಾಗಿತ್ತು. ಗೂಡಿನಲ್ಲಿ ಹಿಂಡಿ, ಸೆನ್ಸರು ಕೂರಿಸಿದಾಗ ಅಂಚಿನಿಂದ ಸ್ವಲ್ಪ ಉಕ್ಕಿ ಹೊರಬಂತು. ಅಭ್ಯಾಸಬಲದಿಂದ ಅವಳ ಬೆರಳು ಅದರ ಕಡೆ ಹೋಯಿತು.

“ಮುಟ್ಟಬೇಡ!” ಎಂದು ಕಿರುಚಿದಳು ಆರ್ಮೀದಾ.

ಎಂಜಿನ್ನು ಎಬ್ಬಿಸಿ ಕಾದರು. ಬಿಸಿಯಾಯಿತು. ಕೆಮ್ಮುವ ಹೊತ್ತು ಬಂತು, ಕೆಮ್ಮಲಿಲ್ಲ. ಹೆಡ್ಡಿನ ಮೇಲೆ ನೀರು ಚಿಮುಕಿಸಿದರೆ ಚುರ್ ಎನ್ನುವಷ್ಟು ಕಾದರೂ ಅದೇ ನೆಮ್ಮದಿಯ ಬಡಿತ. ಮೇಲೆ ಬಾಲ್ಕನಿಯಿಂದ ಟಕ್ ಟಕ್ ಎಂದು ಬೊರ್ತೊಲೊನ ಊರುಗೋಲಿನ ಸದ್ದು ಕೇಳಿಸಿತು. ಎಂಜಿನ್ನಿನ ತಾಳಕ್ಕೆ ಸರಿಯಾಗಿ ಅವನು ಕಂಬಿ ಬಡಿಯುತ್ತಿದ್ದ.

ಸೋಮವಾರ ಬೆಳಿಗ್ಗೆ ಇವಾನೋ ನಳಿಗೆ ಇಟ್ಟು, ಮಿಷನ್ನು ನೋಡಿ, ಮತ್ತೆ ಇಟ್ಟು ನೋಡಿದ. “ಏನು ಮಾಡಿದ್ರಿ ಅತ್ತೆ?”

“ಹೇಳಲ್ಲ,” ಎಂದಳು ಡೆಲ್ಫೀನಾ.

ಅಲ್ಲಿಂದ ನೇರ ಮನೆಗೆ. ಬೊರ್ತೊಲೊಗೆ ಪೆಟ್ಟಿಗೆಯಿಂದ ಉಣ್ಣೆ ಅಂಗಿಗಳನ್ನೇ ತೆಗೆದು ಒಂದರ ಮೇಲೊಂದು ತೊಡಿಸಿ, ಆರ್ಮೀದಾಳ ಸಹಾಯದಿಂದ ಇಳಿಸಿ, ಸೈಡ್‌ಕಾರಿನ ಹತ್ತಿರ ತಂದಾಗ ಇಬ್ಬರಿಗೂ ಭಯವಿತ್ತು. ಚೀರಿದರೆ? ಒದ್ದರೆ? ಅವನು ಸೈಡ್‌ಕಾರನ್ನು ನೋಡಿದ, ಮೇಲೆ ತೆರೆದ ಆಕಾಶವನ್ನು ನೋಡಿದ. ಆಮೇಲೆ ತಾನಾಗಿಯೇ ಎಡಗಾಲನ್ನು ಒಳಗಿಟ್ಟ.

ಸರೋವರದ ರಸ್ತೆ ಮುಗಿದು, ಕಿಯಾವೆನ್ನಾ ದಾಟಿ, ತಿರುವು ತಿರುವಾಗಿ ಬೆಟ್ಟ ಏರುವಾಗ ಡೆಲ್ಫೀನಾಳ ಜೀವ ಕಿವಿಯಲ್ಲಿತ್ತು. ಗಾಳಿ ತೆಳುವಾದಷ್ಟೂ ಪೆಟ್ರೋಲ್ ಜಾಸ್ತಿ ಕುಡಿಯುವ ಎಂಜಿನ್ನಿನ ಬಣ್ಣ ಬಯಲಾಗುತ್ತದೆ. ಪ್ರತಿ ತಿರುವಿನಲ್ಲೂ ಈಗ ಕೆಮ್ಮೀತು, ಈಗ ಕೆಮ್ಮೀತು ಎಂದು ಕಾದಳು. ಪಕ್ಕಕ್ಕೆ ತಿರುಗಿದರೆ ಕನ್ನಡಕ ಹಾಕಿದ ಬೊರ್ತೊಲೊ ತಿರುವಿಗೆ ಸರಿಯಾಗಿ ಮೈ ವಾಲಿಸುತ್ತಿದ್ದ. ಗೇರು ಬದಲಿಸಲು ತಡವಾದರೆ ಎಡಗೈ ಎತ್ತಿ ಬೈಯುವ ಹಾಗೆ ಆಡಿಸುತ್ತಿದ್ದ. ಮಾತಿಲ್ಲದಿದ್ದರೂ ಬೈಗುಳ ಅವಳಿಗೆ ಚೆನ್ನಾಗಿ ಅರ್ಥವಾಯಿತು.

“ಗೊತ್ತು, ಗೊತ್ತು! ನನಗೂ ಓಡ್ಸೋಕೆ ಬರುತ್ತೆ!” ಎಂದು ಗಾಳಿಗೆ ಕೂಗಿದಳು.

ನೆತ್ತಿಯಲ್ಲಿ ರಸ್ತೆಯ ಎರಡೂ ಬದಿಗೆ ತೆಳುವಾಗಿ ಹಿಮ ಬಿದ್ದಿತ್ತು. ದಾರಿ ಮುಚ್ಚುವ ತಡೆಗಂಬವನ್ನು ಆಗಲೇ ತಂದು ಪಕ್ಕಕ್ಕಿಟ್ಟಿದ್ದರು. ಬೈಕು ನಿಲ್ಲಿಸಿ, ಫ್ಲಾಸ್ಕಿನ ಕಾಫಿ ಇಬ್ಬರೂ ಕುಡಿದು, ಎಂಜಿನ್ನು ತಣ್ಣಗಾಗಲು ಬಿಟ್ಟರು. ಬೊರ್ತೊಲೊ ಸೈ ಸೈ ಎಂಬಂತೆ ತಲೆಯಾಡಿಸಿ, ಸೈಲೆನ್ಸರಿನ ಕಡೆ ಕೈ ತೋರಿಸಿದ. ಅವಳು ಅವನನ್ನು ಎತ್ತಿ ನಿಲ್ಲಿಸಿ ತೋಳು ಕೊಟ್ಟಳು. ಅವನು ಕಷ್ಟಪಟ್ಟು ಬಗ್ಗಿ, ಪೈಪಿನ ಬಾಯೊಳಗೆ ಎಡಗೈಯ ಬೆರಳು ಹಾಕಿ ಸುತ್ತಲೂ ತಿರುಗಿಸಿದ. ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಅವಳ ಕೆನ್ನೆಯ ಮೇಲೆ, ಕಣ್ಣಿನ ಕೆಳಗಿನಿಂದ ಗಲ್ಲದವರೆಗೆ, ಸಾವಕಾಶವಾಗಿ ಒಂದು ಗೆರೆ ಎಳೆದ.

ಅವಳು ಬೈಕಿನ ಕನ್ನಡಿಯಲ್ಲಿ ನೋಡಿಕೊಂಡಳು. ಒಣ ಬೂದಿಯಂಥ ತೆಳುಗೀರು.

“ಸೀ,” ಎಂದ ಬೊರ್ತೊಲೊ. ಈ ಸಲ ಅದು ಅದಲು ಬದಲಾಗಿರಲಿಲ್ಲ.

ಮನೆ ತಲುಪಿದಾಗ ಫೋನು ಬಡಿದುಕೊಳ್ಳುತ್ತಿತ್ತು. ಬೆಲ್ಲಾನೋದ ಸನ್ಯಾಸಿನಿ. ಕೋಣೆ ಬೇರೆಯವರಿಗೆ ಕೊಡಿ ಎಂದು ಹೇಳಿ, ಉಪಕಾರವಾಯಿತು ಎಂದೂ ಹೇಳಿ, ಡೆಲ್ಫೀನಾ ಫೋನು ಇಟ್ಟಳು. ಬೊರ್ತೊಲೊ ಮೇಜಿನ ಮುಂದೆ ಕೂತು, ಆರ್ಮೀದಾ ಮಾಡಿಟ್ಟಿದ್ದ ಪೊಲೆಂತಾವನ್ನು ಎಡಗೈಯಲ್ಲಿ ತಾನೇ ತಿನ್ನುತ್ತಿದ್ದ. ಅರ್ಧ ಬಾಯಿಗೆ, ಅರ್ಧ ಮೇಜಿಗೆ.

ಆರ್ಮೀದಾ ಗೆಳತಿಯ ಮುಖ ನೋಡಿ, ಗಾಬರಿಯಾಗಿ, ಕೈಯಲ್ಲಿದ್ದ ಪಾತ್ರೆ ಒರೆಸುವ ಬಟ್ಟೆಯನ್ನೇ ಅವಳ ಕಡೆ ಚಾಚಿದಳು.

“ಏನೇ ಅದು ಕೆನ್ನೆ ಮೇಲೆ? ಇಷ್ಟು ದೂರ ಹಾಗೇ ಬಂದ್ಯಾ? ನೀನಾ? ತಗೋ, ಒರೆಸ್ಕೋ.”

ಡೆಲ್ಫೀನಾ ಬಟ್ಟೆಯನ್ನು ತೆಗೆದುಕೊಂಡು, ಮಡಿಸಿ, ಕುರ್ಚಿಯ ಬೆನ್ನಿಗೆ ಹಾಕಿದಳು.

“ಇರ್ಲಿ ಬಿಡು,” ಎಂದಳು. ಗಂಡನ ಪಕ್ಕದಲ್ಲಿ ಕೂತು ಅವಳೂ ತಟ್ಟೆ ಎಳೆದುಕೊಂಡಳು.